ಬಚ್ಚಲ ಮೇಲಿನ ಆಕಾಶ

ನವೆಂಬರ್ 9, ಭಾನುವಾರ

ಇವತ್ತೂ ಎರಡು ಟ್ರ್ಯಾಕ್ಟರ್ ಬಂದು ಹಳ್ಳಕ್ಕೆ ಒಡೆದ ಗೋಡೆಗಳ ಕಲ್ಲು, ಇಟ್ಟಿಗೆ, ಸಿಮೆಂಟ್ ಚೂರು ಸುರಿದು ಹೋದವು. ಹಾಡಹಗಲು. ಅಡ್ಡ ನಿಂತು ಕೇಳಿದರೆ ಡ್ರೈವರ್ ನಕ್ಕ. "ಅಕ್ಕೋರ, ರಿಟೈರ್ ಆಗೀರಿ. ಬಿಸಲಾಗ ನಿಂದ್ರಬ್ಯಾಡ್ರಿ, ಒಳಗ ಹೋಗಿ ಚಾ ಕುಡೀರಿ." ಬೆಟಗೇರಿಯ ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಕಲಿಸಿದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಈ ಹಳ್ಳ ಉಕ್ಕಿದರೆ ಏನಾಗುತ್ತದೆಂದು ಈ ಓಣಿಯಲ್ಲಿ ನೆನಪಿರುವುದು ನನಗೊಬ್ಬಳಿಗೇ ಎಂದು ಕಾಣುತ್ತದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿಯ ಮಳೆಗೆ ಮನೆಮನೆಯ ಕುಣಿಮಗ್ಗಗಳಲ್ಲಿ ನೀರು ನಿಂತಿತ್ತು. ಬೆಳಿಗ್ಗೆ ಅಪ್ಪ ಮಗ್ಗದ ಕುಣಿಯೊಳಗಿಂದ ಕೊಡದಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದರು. ಆ ನೀರು ನೂಲಿನ ಬಣ್ಣ ಬಿಟ್ಟು ಕೆಂಪಾಗಿತ್ತು. ಜನ ಮರೆಯುತ್ತಾರೆ, ನಾನು ಮರೆಯುವುದಿಲ್ಲ. ಪತ್ರಿಕೆಗೆ ಪತ್ರ ಬರೆದೆ, ಕಚೇರಿಗೆ ಅರ್ಜಿ ಕೊಟ್ಟೆ. ಎಲ್ಲರದೂ ಒಂದೇ ಪ್ರಶ್ನೆ: "ಫೋಟೋ ಅದಾವೇನ್ರೀ?" ರಸ್ತೆಯ ಕಡೆಯಿಂದ ಹಳ್ಳ ಕಾಣುವುದಿಲ್ಲ, ಜಾಲಿಕಂಟಿ ಬೆಳೆದಿದೆ. ಮೇಲಿಂದ ತೆಗೆಯಬೇಕು.

ನಯಾಜನಿಗೆ ಫೋನ್ ಮಾಡಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿ, ಈಗ ಮದುವೆಗಳ ವಿಡಿಯೋ ತೆಗೆಯುತ್ತಾನೆ. ಒಂದು ಸಣ್ಣ ಡ್ರೋನ್ ಕೊಡಿಸುತ್ತೇನೆಂದ.

ನವೆಂಬರ್ 11, ಮಂಗಳವಾರ

ಡ್ರೋನ್ ಬಂತು. ತೂಕ ಕಾಲು ಕಿಲೋಗಿಂತ ಕಡಿಮೆ. ಅಂಗೈ ಮೇಲೆ ಕೂರುತ್ತದೆ, ಹಾರಿದರೆ ಜೇನುಹುಟ್ಟಿಗೆ ಕಲ್ಲೆಸೆದ ಸದ್ದು.

ಮುಟ್ಟುವ ಮೊದಲು ನಿಯಮಗಳನ್ನು ತರಿಸಿಕೊಂಡು ಪೂರ್ತಿ ಓದಿದೆ. ನಮ್ಮ ಊರಿನಲ್ಲಿ ನಿಯಮ ಓದಿ ಡ್ರೋನ್ ಹಾರಿಸುವವಳು ನಾನೊಬ್ಬಳೇ ಇರಬೇಕು. ನಾನೂರು ಅಡಿಗಿಂತ ಮೇಲೆ ಹೋಗಬಾರದು. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು. ಜನ ಸೇರಿದ ಕಡೆ, ಕತ್ತಲಲ್ಲಿ, ಕರೆಂಟಿನ ತಂತಿಯ ಹತ್ತಿರ ಹಾರಿಸಬಾರದು. ಸರ್ಕಾರದ ನಕ್ಷೆಯಲ್ಲಿ ನಮ್ಮ ಓಣಿ ಅನುಮತಿ ಬೇಡದ ಹಸಿರು ವಲಯದಲ್ಲಿದೆ, ಅದನ್ನೂ ನೋಡಿಕೊಂಡೆ. ಲಕ್ಕುಂಡಿಯ ಗುಡಿಗಳ ಮೇಲೆ ಪರವಾನಗಿಯಿಲ್ಲದೆ ಹಾರಿಸಿ ರೀಲು ಮಾಡುವ ಪೋರರಿಗೆ ಇದನ್ನೆಲ್ಲ ಯಾರು ಓದಿಸಬೇಕು?

ಮೈದಾನದಲ್ಲಿ ನಯಾಜ ಕಲಿಸಿದ. ಮೊದಲ ಸಲ ನಾನು ಎಡಕ್ಕೆ ಒತ್ತಿದರೆ ಅದು ಬಲಕ್ಕೆ ಹೋಯಿತು.

"ಅಕ್ಕೋರ, ಅದರ ಮುಖ ನಿಮ್ಮ ಕಡೆ ತಿರಗೇತ್ರೀ. ಕನ್ನಡ್ಯಾಗ ನೋಡಿದಂಗ. ನೀವ ಕಲಿಸಿದ್ರೆಲ್ಲ, ಎಡ ಬಲ ಆಗತೈತಿ ಅಂತ."

"ನೀ ಆ ಪಾಠದ ದಿನ ಶಾಲಿಗೇ ಬಂದಿದ್ದಿಲ್ಲಲೇ."

"ಅದಕ್ಕ ನೋಡ್ರಿ ನೆನಪ ಐತಿ" ಎಂದು ನಕ್ಕ.

ಮನೆಗೆ ವಾಪಸು ಕರೆಸುವ ಗುಂಡಿಯೊಂದಿದೆ. ಒತ್ತಿದರೆ ಹೊರಟ ಜಾಗಕ್ಕೆ ನೇರ ಗೆರೆ ಹಿಡಿದು ತಾನೇ ಬರುತ್ತದೆ. "ಇದನ್ನ ಒತ್ತೂ ಮುಂದ ಕೆಳಗ ಏನೈತಿ ನೋಡ್ಕೋರಿ. ಕ್ಯಾಮೆರಾ ಮ್ಯಾಕ ಎತ್ತರಿ" ಎಂದ. ಮುಂಡರಗಿಯ ಒಂದು ಮದುವೆಯಲ್ಲಿ ಅಡುಗೆಯವರ ತಲೆಯ ಮೇಲೆ ಹಾರಿಸಿ ಸೌಟಿನಲ್ಲಿ ಹೊಡೆಸಿಕೊಂಡನಂತೆ. ಡ್ರೋನಿಗಲ್ಲ, ಇವನಿಗೆ.

ನವೆಂಬರ್ 13, ಗುರುವಾರ

ಸಿಕ್ಕಿತು! ಮಧ್ಯಾಹ್ನ ಟ್ರ್ಯಾಕ್ಟರಿನ ಸದ್ದು ಕೇಳಿದ್ದೇ ಮಾಳಿಗೆ ಏರಿ ಡ್ರೋನ್ ಬಿಟ್ಟೆ. ಹಳ್ಳ ಪೂರ್ತಿ ಕಾಣಿಸಿತು. ಅರ್ಧಕ್ಕೆ ಅರ್ಧ ತುಂಬಿದ್ದಾರೆ. ಟ್ರಾಲಿ ಎತ್ತಿ ಸುರಿಯುವುದು, ನಂಬರ್ ಪ್ಲೇಟು, ಎಲ್ಲ ಬಂದಿದೆ.

ಗಾಳಿ ಜೋರಾಗಿ ಬ್ಯಾಟರಿ ಬೇಗ ಇಳಿಯಿತು. ಗಾಬರಿಯಾಗಿ ಗುಂಡಿ ಒತ್ತಿಬಿಟ್ಟೆ. ಮನೆಗಳ ಮೇಲಿನಿಂದಲೇ ಬಂತು. ಎತ್ತರ ಕಡಿಮೆ ಇಟ್ಟಿದ್ದೆ. ಕಡಿಮೆ ಇದ್ದಷ್ಟೂ ನಿಯಮಕ್ಕೆ ಒಳ್ಳೆಯದಲ್ಲವೇ? ನನ್ನ ಕಣ್ಣೆಲ್ಲ ಬ್ಯಾಟರಿಯ ಅಂಕಿಯ ಮೇಲೆ. ನಮ್ಮ ಹಿಂದಿನ ಮನೆಯ ಚೌಡವ್ವನ ಹಿತ್ತಲಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ಬೆಕ್ಕಿರಬೇಕು. ಸುರಕ್ಷಿತವಾಗಿ ಇಳಿಯಿತು.

ನವೆಂಬರ್ 14, ಶುಕ್ರವಾರ

ನಾಗರಿಕ ವೇದಿಕೆಯ ಗುಂಪಿಗೆ, ಓಣಿಯ ಗುಂಪಿಗೆ, ಹಳೆಯ ವಿದ್ಯಾರ್ಥಿಗಳ ಗುಂಪಿಗೆ, ಪರಿಚಯದ ವರದಿಗಾರರಿಗೆ ವಿಡಿಯೋ ಕಳಿಸಿದೆ. ಹಾರಿದಲ್ಲಿಂದ ಇಳಿಯುವವರೆಗೆ ಒಂದು ಕ್ಷಣವೂ ಬಿಡದೆ. ತುಣುಕು ಕಳಿಸಿದರೆ "ಕತ್ತರಿಸಿ ಜೋಡಿಸ್ಯಾರ" ಎನ್ನುತ್ತಾರೆ. ಅದಕ್ಕೇ ಮೇಲೆ ಬರೆದೆ: "ಇದು ಕತ್ತರಿಸದ ವಿಡಿಯೋ. ಸತ್ಯಕ್ಕೆ ಕತ್ತರಿ ಬೇಡ." ಪೂರ್ತಿ ಕೂತು ನೋಡುವ ತಾಳ್ಮೆ ನನಗೂ ಇರಲಿಲ್ಲ. ಟ್ರ್ಯಾಕ್ಟರಿನ ಭಾಗ ಮಾತ್ರ ಮತ್ತೆ ಮತ್ತೆ ನೋಡಿದೆ.

ವಕೀಲ ಗವಿಸಿದ್ದೇಶ ಫೋನ್ ಮಾಡಿ, "ನೀಲಾ ಮೇಡಂ, ನಿಮ್ಮಂಥವರು ಇನ್ನ ನಾಕು ಮಂದಿ ಇದ್ದಿದ್ರ ಗದಗ-ಬೆಟಗೇರಿ ಬ್ಯಾರೇನ ಆಗತಿತ್ತು" ಎಂದರು. ನಾಲ್ಕು ಮಂದಿ ಇಲ್ಲವಲ್ಲ, ಅದೇ ದುಃಖ.

ನವೆಂಬರ್ 16, ಭಾನುವಾರ

ಹಳ್ಳದ ಮಾತು ಯಾರೂ ಆಡುತ್ತಿಲ್ಲ.

ವಿಡಿಯೋದ ಕೊನೆಯ ತುಣುಕೊಂದನ್ನು ಯಾರೋ ಕತ್ತರಿಸಿ ತೆಗೆದು ಊರೆಲ್ಲ ಹರಡಿದ್ದಾರೆ. ನನಗೂ ಬಂತು, ಹಳೆಯ ವಿದ್ಯಾರ್ಥಿಗಳ ಗುಂಪಿನಿಂದಲೇ. ಚೌಡವ್ವನ ಹಿತ್ತಲು. ಮೇಲೆ ಸೂರಿಲ್ಲದ ಬಚ್ಚಲು. ಅವಳ ಮೊಮ್ಮಗಳು ಸೀಮಾ ತಲೆಗೆ ಎರೆದುಕೊಳ್ಳುತ್ತಿದ್ದಾಳೆ. ಸದ್ದು ಕೇಳಿ ಮುಖ ಎತ್ತಿ ನೋಡುತ್ತಾಳೆ, ಕೈಯಿಂದ ತಂಬಿಗೆ ಬೀಳುತ್ತದೆ, ಕುಕ್ಕುರುಗಾಲಲ್ಲಿ ಕೂತುಬಿಡುತ್ತಾಳೆ. ಅಷ್ಟೇ. ಆ ಮುಖ ಎಂಥವರಿಗೂ ಗುರುತು ಸಿಗುತ್ತದೆ.

ನೋಡಿ ಸಿಟ್ಟು ಬಂತು. ಕತ್ತರಿಸಿದ ನೀಚರ ಮೇಲೆ. ನಾನು ಯಾವ ನಿಯಮ ಮೀರಿದ್ದೇನೆ? ನಕ್ಷೆ ನೋಡಿದೆ, ಎತ್ತರ ಮೀರಲಿಲ್ಲ, ಹಗಲಲ್ಲೇ ಹಾರಿಸಿದೆ. ಗುಂಡಿ ಒತ್ತಿದರೆ ಅದು ಯಾವ ದಾರಿ ಹಿಡಿಯಬೇಕೆಂದು ನಾನು ಹೇಳಿದೆನೇ? ನಿಯಮಾವಳಿಯಲ್ಲಿ ಬಚ್ಚಲು ಎಂಬ ಪದವೇ ಇಲ್ಲ. ಮತ್ತೆ ಈ ಕಾಲದಲ್ಲೂ ಬಚ್ಚಲಿಗೆ ಒಂದು ತಗಡು ಹಾಕಿಸಿಕೊಳ್ಳಬಾರದೇ ಇವರು? ನಾನೂ ಹೆಂಗಸು. ನನ್ನಿಂದ ಅವಳಿಗೆ ಯಾವ ಅಪಾಯ?

ಗುಂಪುಗಳಿಂದ ವಿಡಿಯೋ ತೆಗೆದೆ. ತೆಗೆದರೂ ಇದ್ದವರ ಫೋನಿನಲ್ಲಿ ಇದ್ದೇ ಇರುತ್ತದೆ.

ನವೆಂಬರ್ 17, ಸೋಮವಾರ

ಕಿರಾಣಿ ಅಂಗಡಿಯಲ್ಲಿ ನಾನು ಹೋದ ಕೂಡಲೇ ಮಾತು ನಿಂತಿತು.

ಸಕ್ಕರೆ ತರಲು ಮರೆತು ಬಂದೆ.

ನವೆಂಬರ್ 19, ಬುಧವಾರ

ನಯಾಜ ಬಂದಿದ್ದ. ಚಾ ಮುಟ್ಟಲಿಲ್ಲ. ನಾಲ್ಕು ಮಂದಿ ಅವನ ಅಂಗಡಿಗೆ ಹೋಗಿ, "ಹೆಣ್ಮಕ್ಕಳ ಬಚ್ಚಲಾ ತಗೀತೀಯೇನಲೇ" ಎಂದು ಕೊರಳಪಟ್ಟಿ ಹಿಡಿದರಂತೆ. ಡ್ರೋನ್ ಎಂದರೆ ಊರಿಗೆ ಅವನೇ ನೆನಪಾಗುವುದು.

"ನಿನ್ನ ಹೆಸರು ಹ್ಯಾಂಗ ಬಂತು? ನಾ ಕಳಿಸಿದ್ದು ಎಲ್ಲಾರಿಗೂ ಗೊತ್ತೈತೆಲ್ಲ."

"ತುಣುಕಿನ್ಯಾಗ ನಿಮ್ಮ ಹೆಸರಿಲ್ರೀ. ಗೊತ್ತಿದ್ದವರೂ ಅಕ್ಕೋರು ಅಂಥಾದ್ದು ಮಾಡಂಗಿಲ್ಲ ಅಂತಾರ. ನಾ ಮಾಡ್ತೀನಿ ಅಂತಾರ. ನನ್ನ ಹೆಸರ ನಯಾಜ ಐತೆಲ್ರೀ."

"ನೀ ಏನಂದಿ?"

"ನಾ ಅಲ್ಲ ಅಂದೆ. ಯಾರಂತ ಹೇಳಲಿಲ್ಲ. ನೀವ ಹೇಳ್ತೀರಿ ಅನಕೊಂಡೆ."

ನಾನು ಗಾಳಿ, ಬ್ಯಾಟರಿ ಎಂದು ಶುರು ಮಾಡಿದೆ. ಅವನು ಕೇಳಿಸಿಕೊಂಡು, "ಕ್ಯಾಮೆರಾ ಮ್ಯಾಕ ಎತ್ತರಿ ಅಂದಿದ್ದೆ" ಎಂದಷ್ಟೇ ಹೇಳಿದ. ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ ಧಾಟಿ ಅದು.

ಅವನು ಕೂತಿರುವಾಗಲೇ ಎಲ್ಲ ಗುಂಪುಗಳಲ್ಲಿ ಬರೆದೆ: ಡ್ರೋನ್ ನನ್ನದು, ಹಾರಿಸಿದವಳು ನಾನು, ನಯಾಜನಿಗೆ ಸಂಬಂಧವಿಲ್ಲ. ಇನ್ನೇನು ಬರೆಯಬೇಕೆಂದು ತಿಳಿಯಲಿಲ್ಲ. ಅವನು ಓದಿದ. "ಆತ್ರೀ" ಎಂದು ಎದ್ದು ಹೋದ.

ಹೋಗುವಾಗ ಒಂದು ಮಾತು ಹೇಳಿದ. ಸೀಮಾ ಅರಣ್ಯ ರಕ್ಷಕಿ ಹುದ್ದೆಗೆ ಅರ್ಜಿ ಹಾಕಿದ್ದಾಳೆ, ಡಿಸೆಂಬರಿನಲ್ಲಿ ಓಟದ ಪರೀಕ್ಷೆ. ಪ್ರತಿದಿನ ಮುಂಜಾನೆ ಓಡುತ್ತಿದ್ದಳು. ಭಾನುವಾರದಿಂದ ಮನೆಯ ಹೊಸ್ತಿಲು ದಾಟಿಲ್ಲ. ಹಿಂದಿನ ಮನೆ. ನನಗೆ ಗೊತ್ತೇ ಇರಲಿಲ್ಲ.

ನವೆಂಬರ್ 21, ಶುಕ್ರವಾರ

ಚೌಡವ್ವನ ಮನೆಗೆ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ: ನಡೆದದ್ದು ಅಚಾತುರ್ಯ, ಉದ್ದೇಶ ಸಾರ್ವಜನಿಕ ಹಿತ. ಒಳಗೆ ಪವರ್‌ಲೂಮ್ ನಿಂತಿತ್ತು. ಸೀಮಾಳ ಅಪ್ಪ ಪರಶುರಾಮ ನನ್ನನ್ನು ಕಂಡು ಎದ್ದು ಹಿತ್ತಲಿಗೆ ಹೋದ. ಸೀಮಾ ಇದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಚೌಡವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಕೂರು ಎನ್ನಲಿಲ್ಲ. ನಾವಿಬ್ಬರೂ ಒಂದೇ ಓಣಿಯಲ್ಲಿ ಲಂಗ ಉಟ್ಟು ಬೆಳೆದವರು, ಆದರೂ ನಾನು ಟೀಚರ್ ಆದಂದಿನಿಂದ ಅವಳು ನನಗೆ 'ನೀವು' ಅನ್ನುತ್ತಾಳೆ.

"ಚೌಡವ್ವ, ಬೇಕಂತ ಮಾಡಿದ್ದಲ್ಲ."

"ಬೇಕಂತ ಮಾಡೀರಿ ಅಂತ ಯಾರ ಅಂದಾರ?"

"ಹಳ್ಳದ್ದು ತಗಿಯಾಕ ಹೋಗಿದ್ದೆ. ಓಣಿ ಸಲುವಾಗಿ."

ಎಲೆ ಮಡಚಿ ಬಾಯಿಗಿಟ್ಟುಕೊಂಡು ಅಗಿದಳು. ಆಮೇಲೆ ಕೇಳಿದಳು.

"ಗಾಳೆಪ್ಪ ನೆನಪ ಅದಾನೇನ್ರೀ ಅಕ್ಕೋರ?"

ನೆನಪಿಲ್ಲದೆ ಏನು? ಓಣಿಯ ಮಣ್ಣಿನ ಮಾಳಿಗೆಗಳಿಗೆಲ್ಲ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕುತ್ತಿದ್ದವನು. ಏಣಿ ಹಚ್ಚಿ, ಮೆಟ್ಟಿಲಿಗೆ ಕಾಲಿಡುವ ಮೊದಲು ಕೂಗುತ್ತಿದ್ದ. "ಮಾಳಿಗಿ ಏರತೀನ್ರೋ! ಹೆಣ್ಮಕ್ಕಳು ಸಂಬಾಳಿಸ್ಕೋರಿ!" ಮಾಳಿಗೆ ಹತ್ತಿದರೆ ಸುತ್ತಲಿನ ಬಚ್ಚಲುಗಳೆಲ್ಲ ಕಾಣುತ್ತವಲ್ಲ. ಕೂಗಿ ಸುಮ್ಮನೆ ನಿಲ್ಲುತ್ತಿದ್ದ. ಬಚ್ಚಲಲ್ಲಿದ್ದವರು ತಂಬಿಗೆಯಿಂದ ಕಲ್ಲಿಗೆ ಬಡಿಯಬೇಕು, ತಡಿ ಎಂದು. ಎಲ್ಲಿಂದಲಾದರೂ ಸದ್ದು ಬಂದರೆ ಬುಟ್ಟಿ ಇಳಿಸಿ ಬೀಡಿ ಹಚ್ಚಿ ಕೂರುತ್ತಿದ್ದ. ನಾನೇ ಎಷ್ಟು ಸಲ ತಂಬಿಗೆ ಬಡಿದಿದ್ದೇನೆ. ಮೈ ಒರೆಸಿಕೊಂಡು ಸೀರೆ ಸುತ್ತಿ "ಆತ ಮಾಮಾ" ಎಂದ ಮೇಲೆಯೇ ಅವನ ಕಾಲು ಏಣಿಗೆ.

"ನೀವ ಪೇಪರಿನ್ಯಾಗ ಬರದಿದ್ರಿ" ಎಂದಳು ಚೌಡವ್ವ. "'ನಮ್ಮ ಓಣಿಯ ಸಭ್ಯತೆ' ಅಂತ. ನಮಗ ಓದಾಕ ಬರಂಗಿಲ್ಲ ಅಂತ ಕಟ್ಟಿ ಮ್ಯಾಲ ಕುಂತು ಓದಿ ಹೇಳಿದ್ರಿ. ನಾ ಅತ್ತಿದ್ದೆ. ಸತ್ತವನ್ನ ಚಲೋ ನೆನಸ್ಯಾರ ಅಂತ."

ಅವಳು ಬಾಯಲ್ಲಿನ ಎಲೆಯನ್ನು ಇನ್ನೊಂದು ದವಡೆಗೆ ಸರಿಸಿದಳು.

"ನಮ್ಮ ಹುಡುಗಿ ತಂಬಿಗಿ ಬಿದ್ದಿತ್ತು. ಬಡದಂಗ ಆಗಿತ್ತು. ನಿಮಗ ಕೇಳಿಸಲಿಲ್ಲೇನ್ರೀ?"

ಕೇಳಿಸಿತ್ತು. ಬೆಕ್ಕು ಅಂದುಕೊಂಡಿದ್ದೆ. ಜೋಡಿಸಿಕೊಂಡು ಹೋದ ವಾಕ್ಯಗಳನ್ನೆಲ್ಲ ಹಾಗೇ ಹೊತ್ತುಕೊಂಡು ಬಂದೆ.

ನವೆಂಬರ್ 22, ಶನಿವಾರ

ಆ ಲೇಖನ ಹುಡುಕಿ ತೆಗೆದು ಓದಿದೆ. ಚೆನ್ನಾಗಿ ಬರೆದಿದ್ದೇನೆ. ಕೊನೆಯವರೆಗೆ ಓದಲಾಗಲಿಲ್ಲ.

ನವೆಂಬರ್ 23, ಭಾನುವಾರ

ಮತ್ತೆ ಹೋದೆ. ಈ ಸಲ ಮುಚ್ಚಿದ ಬಾಗಿಲಿನ ಹೊರಗೆ ನೆಲದ ಮೇಲೆ ಕೂತು, "ಸೀಮಾ, ತಪ್ಪು ನಂದು" ಎಂದೆ. ಬೇರೇನೂ ಸೇರಿಸಲಿಲ್ಲ. ಎದ್ದು ಹೊರಡಬೇಕು, ಅಷ್ಟರಲ್ಲಿ ಬಾಗಿಲ ಹಿಂದಿನಿಂದಲೇ ಮಾತು ಬಂತು.

"ಅಕ್ಕೋರ, ಎಷ್ಟ ಮಂದಿಗೆ ಕಳಿಸೀರಿ?"

"ಗುಂಪಿಗೆ ಕಳಿಸೇನವ್ವ. ಗುಂಪಿನ್ಯಾಗ ಬಾಳ ಮಂದಿ..."

"ಅವರ ಮನಿ ಗೊತ್ತದಾವೇನ್ರೀ ನಿಮಗ?"

"ಬಾಳ ಮಟ್ಟಿಗೆ ಗೊತ್ತದಾವ."

"ಕುಂತಲ್ಲೇ ಕಳಿಸೀರಿ. ಈಗ ನಡಕೋತ ಹೋಗಿ ಅಳಿಸಿ ಬರ್ರಿ. ಒಬ್ಬೊಬ್ಬರ ಮನಿಗೂ. ನಿಮ್ಮ ಮುಂದ ಅಳಸ್ಲಿ."

ಚೌಡವ್ವ, "ಏ ಹುಡುಗಿ, ವಯಸ್ಸಾದವ್ರಿಗೆ..." ಎಂದಳು.

"ಆಯಿ, ನೀ ಸುಮ್ಮ ಕುಂಡ್ರು. ನಾ ಓಣ್ಯಾಗ ನಡದರ ಯಾರ ನೋಡ್ಯಾರ, ಯಾರ ನೋಡಿಲ್ಲ ಅಂತ ಒಬ್ಬೊಬ್ಬರ ಮಾರಿ ಲೆಕ್ಕ ಹಾಕಬೇಕು. ಅಕ್ಕೋರೂ ಒಂದಿಷ್ಟ ಅಡ್ಡಾಡ್ಲಿ."

"ಆತವ್ವ" ಎಂದೆ.

ನವೆಂಬರ್ 24, ಸೋಮವಾರ

ಬೆಳಿಗ್ಗೆಯಿಂದ ನಡೆದೆ. ನರಸಾಪುರ ರಸ್ತೆಯಿಂದ ಶುರು. ಪ್ರತಿ ಬಾಗಿಲಿನಲ್ಲೂ ಅದೇ ಮಾತು: ನಾನು ಕಳಿಸಿದ ವಿಡಿಯೋ, ಅದರ ತುಣುಕು, ದಯವಿಟ್ಟು ನನ್ನ ಮುಂದೆ ಅಳಿಸಿ. ಕೆಲವರು ನನ್ನ ಮುಖ ನೋಡದೆ ಅಳಿಸಿದರು. ಕೆಲವರು "ನಮಗ ಬಂದೇ ಇಲ್ರೀ" ಎಂದರು. ಅವರ ಬೆರಳು ಮಾತ್ರ ಫೋನಿನ ಮೇಲೆ ಆಡುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಎರಡು ಮಕ್ಕಳ ಅಪ್ಪ, ಅಳಿಸಿ, "ನಾ ಪೂರಾ ನೋಡಿಲ್ರೀ ಅಕ್ಕೋರ" ಎಂದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಪೂರಾ ನೋಡಿಲ್ಲಂದ್ರ ಎಷ್ಟ ನೋಡೀರಿ?" ಎಂದಳು ಅವನಿಗೆ.

ಸಂಜೆ ಗವಿಸಿದ್ದೇಶರ ಮನೆ. ಒಳ್ಳೆಯ ಪುಸ್ತಕಗಳ ಕಪಾಟು, ಒಳ್ಳೆಯ ಚಾ.

"ಮೇಡಂ, ನೀವ್ಯಾಕ ಮನಿ ಮನಿ ತಿರಗತೀರಿ? ನಿಮ್ಮದೇನ ತಪ್ಪಿಲ್ಲ. ನೀವು ಯಾವ ನಿಯಮ ಮೀರೀರಿ ಹೇಳ್ರಿ? ಈಗಿನ ಕಾಲದಾಗ ಬಚ್ಚಲಿಗೆ ಒಂದ ತಗಡ ಹಾಕಸ್ಕೋಬಾರದೇನ್ರೀ ಅವರು?"

ಈ ಮಾತು ಎಲ್ಲೋ ಕೇಳಿದ್ದೇನೆ ಎನ್ನಿಸಿತು. ಲೋಟ ಕೆಳಗಿಟ್ಟೆ. ಅವರ ಬಾಯಲ್ಲಿ ಅದು ಎಷ್ಟು ಹೊಲಸಾಗಿ ಕೇಳಿಸಿತೆಂದರೆ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಮುಖವಿರಲಿಲ್ಲ.

"ಅಳಸ್ರಿ ವಕೀಲರ" ಎಂದೆ.

"ನನ್ನ ಹತ್ರ ದಾಖಲೆಗಂತ ಇಟ್ಟೇನಿ."

"ನನ್ನ ಹೆಸರು ದಾಖಲೆಗೆ ಸಾಕು. ಅಕಿ ಮಾರಿ ಬ್ಯಾಡ."

ಅಳಿಸುವವರೆಗೆ ಕೂತಿದ್ದೆ. ಚಾ ಆರಿತು.

ನವೆಂಬರ್ 25, ಮಂಗಳವಾರ

ಕಾಲು ಬಾತಿದೆ. ನಡೆದೆ.

ನವೆಂಬರ್ 27, ಗುರುವಾರ

ಕಳಸಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದೆ. ಒಬ್ಬಳೇ ವಿದ್ಯಾರ್ಥಿನಿ ಅಲ್ಲಿ ಇರುವುದು. ಮದುವೆಯಾಗಿ ಹೋದವಳು. ಅವಳ ಮೈದುನನ ಫೋನಿನಲ್ಲೂ ಇತ್ತಂತೆ. ಅವಳೇ ಕಿತ್ತುಕೊಂಡು ಅಳಿಸಿ, ನನಗೆ ತೋರಿಸಿ, "ಅಕ್ಕೋರ, ಬುತ್ತಿ ಕಟ್ಟಿಕೊಡ್ತೀನಿ ತಡೀರಿ" ಎಂದಳು. ಬೇಡವೆಂದೆ. ಆದರೂ ಕೊಟ್ಟಳು.

ಬರುವಾಗ ಹಳ್ಳದ ಬಳಿ ಟ್ರ್ಯಾಕ್ಟರ್ ನಿಂತಿತ್ತು. ಅದೇ ಡ್ರೈವರ್. ಈ ಸಲ ನಗಲಿಲ್ಲ. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ಅವನೂ ನನಗೆ ಮುಖ ತಿರುಗಿಸುವಂತಾಯಿತು.

ನವೆಂಬರ್ 29, ಶನಿವಾರ

ಸೀಮಾ ಠಾಣೆಗೆ ದೂರು ಕೊಡುತ್ತೇನೆಂದಳು, ಕತ್ತರಿಸಿ ಹರಡಿದವರ ಮೇಲೆ. ಪರಶುರಾಮ ಬೇಡವೆಂದ, ಚೌಡವ್ವ ಬೇಡವೆಂದಳು. ಅವಳು ಕೇಳಲಿಲ್ಲ. ನನಗೆ ಹೇಳಿ ಕಳಿಸಿದಳು, ಬರ್ರಿ ಅಂತ. ಹೋದೆ. ಆಟೋದಲ್ಲಿ ಅವಳು ಒಂದು ತುದಿ, ನಾನು ಒಂದು ತುದಿ. ಮುಖಕ್ಕೆ ದುಪಟ್ಟಾ ಸುತ್ತಿಕೊಂಡಿದ್ದಳು.

ಹೇಳಿಕೆ ಬರೆದುಕೊಳ್ಳುತ್ತಿದ್ದ ಹೆಣ್ಣುಮಗಳು ನನ್ನ ಹೆಸರು, ವಯಸ್ಸು, ಉದ್ಯೋಗ ಕೇಳಿದಳು. "ನಿವೃತ್ತ ಶಿಕ್ಷಕಿ" ಎಂದಾಗ ತಲೆ ಎತ್ತಿ ನೋಡಿದಳು. ವಿಡಿಯೋ ಯಾರದು? ನನ್ನದು. ಹಾರಿಸಿದ್ದು? ನಾನು. ಹಾರಿಸುವ ಮೊದಲು ಅಕ್ಕಪಕ್ಕದವರಿಗೆ ತಿಳಿಸಿದ್ದಿರಾ?

"ಇಲ್ಲ."

"ಯಾಕ್ರೀ?"

ಗಾಳಿ, ಬ್ಯಾಟರಿ, ಟ್ರ್ಯಾಕ್ಟರ್, ಎಲ್ಲ ನಾಲಿಗೆಯ ತುದಿಯವರೆಗೆ ಬಂದವು.

"ಕೂಗಬೇಕಂತ ಗೊತ್ತಿತ್ತು. ಕೂಗಲಿಲ್ಲ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಬರೆದುಕೊಂಡಳು. ಪಕ್ಕದಲ್ಲಿ ಸೀಮಾ ದುಪಟ್ಟಾ ಸರಿಸಿ ನೀರು ಕುಡಿದಳು.

ನನ್ನ ಮೇಲೂ ಕೇಸು ಆಗಬಹುದಂತೆ. ಆಗಲಿ.

ಡಿಸೆಂಬರ್ 2, ಮಂಗಳವಾರ

ಡ್ರೋನ್ ನನಗಿನ್ನು ಬೇಡವೆಂದಿದ್ದೆ, ನಯಾಜ ಅದನ್ನು ಒಯ್ಯಲು ಬಂದ. ಈ ಸಲ ಚಾ ಕುಡಿದ. ಶಿರಹಟ್ಟಿಯಲ್ಲಿ ಮದುವೆ ಇದೆಯಂತೆ. ಹಿಂದಿನ ದಿನವೇ ಹೋಗಿ ಸುತ್ತಲಿನ ಮನೆಗಳಿಗೆ, ಇಂಥ ಹೊತ್ತಿನಲ್ಲಿ ಹಾರಿಸುತ್ತೇನೆ, ಯಾರಿಗಾದರೂ ಬೇಡವೆಂದರೆ ಹೇಳಿ ಎನ್ನುತ್ತಾನಂತೆ. ಮೊದಲು ಮಾಡುತ್ತಿರಲಿಲ್ಲ, ಈಗ ಶುರು ಮಾಡಿದ್ದೇನೆ ಎಂದ.

"ಬ್ಯಾಡಂದ್ರ?"

"ಬ್ಯಾಡಂದ್ರ ಬಿಡೂದ್ರೀ. ಮದುವಿ ನೆಲದ ಮ್ಯಾಲಿಂದನೂ ಚಲೋನ ಕಾಣಸ್ತೈತಿ."

ಅವನು ಹೋದ ಮೇಲೆ ಸಂಡಿಗೆ ಒಣಹಾಕಲು ಮಾಳಿಗೆ ಹತ್ತಬೇಕಾಯಿತು. ಏಣಿಯ ಕೆಳಗೆ ಬಹಳ ಹೊತ್ತು ನಿಂತಿದ್ದೆ. ಆಮೇಲೆ ಅಂಗಳದಲ್ಲೇ ಒಣಹಾಕಿದೆ. ಬಿಸಿಲು ಅಲ್ಲಿಯೂ ಬೀಳುತ್ತದೆ.

ಡಿಸೆಂಬರ್ 7, ಭಾನುವಾರ

ಮುಂಜಾನೆ ಕಟ್ಟೆಯ ಮೇಲೆ ಕೂತು ಮೆಂತ್ಯಪಲ್ಯ ಸೋಸುತ್ತಿದ್ದೆ. ಓಣಿಯ ಆ ತುದಿಯಿಂದ ಓಡುವ ಬೂಟಿನ ಸದ್ದು ಬಂತು. ಯಾರೆಂದು ತಿಳಿಯಿತು. ತಲೆ ತಗ್ಗಿಸಿ ಪಲ್ಯದಲ್ಲೇ ಕಣ್ಣು ಇಟ್ಟೆ. ಸದ್ದು ಹತ್ತಿರ ಬಂದು ನನ್ನ ಮುಂದೆ ನಿಂತಿತು. ಉಸಿರು ಏರುತ್ತಿತ್ತು.

"ಅಕ್ಕೋರ."

"ಹೂಂ."

"ಈ ವಾರ ಓಟದ ಪರೀಕ್ಷಾ ಐತಿ. ಬಾಳ ದಿನ ಬಿಟ್ಟೀನಿ, ಆಗತೈತೋ ಇಲ್ಲೋ."

ನಾನು ಮೆಂತ್ಯದ ಒಂದೇ ದಂಟನ್ನು ಮತ್ತೆ ಮತ್ತೆ ಸೋಸುತ್ತಿದ್ದೆ.

"ನಾ ಓಡೋದು ನೋಡ್ರಿ. ಮಾರಿ ಎತ್ತರಿ. ನೋಡ್ರಿ ಅಂತ ನಾನ ಹೇಳಾಕತ್ತೇನಿ."

ದನಿಯಲ್ಲಿ ಸಿಟ್ಟಿರಲಿಲ್ಲ, ಸಲುಗೆಯೂ ಇರಲಿಲ್ಲ. ನಾನು ಮುಖ ಎತ್ತುವಷ್ಟರಲ್ಲಿ ಅವಳು ಮೂಲೆಯವರೆಗೆ ಹೋಗಿದ್ದಳು. ಅಪ್ಪನ ತುಂಬುತೋಳಿನ ಅಂಗಿ, ಬಿಗಿಯಾಗಿ ಹೆಣೆದ ಜಡೆ. ಮುಖಕ್ಕೆ ದುಪಟ್ಟಾ ಇರಲಿಲ್ಲ. ಅವಳು ತಿರುವು ದಾಟುವವರೆಗೆ ನೋಡಿದೆ. ಅದಕ್ಕಿಂತ ಹೆಚ್ಚು ನೋಡಲಿಲ್ಲ.